ಒಳಗೆ ಹೋದವರು, ಹೊರಗೆ ಕೂತವರು

ನಮ್ಮ ಮನೆಯಲ್ಲಿ ‘ಒಳಗೆ’ ಅನ್ನುವುದು ಬೈಗುಳ. ಹೀಗೆಂದರೆ ನನ್ನ ಮಗಳೇ ನಗುತ್ತಾಳೆ. ನಗಲಿ, ಅವಳಿಗೇನು ಗೊತ್ತು. ಬೇರೆ ಮನೆಗಳಲ್ಲಿ ಕುಡುಕ, ಕಳ್ಳ, ಮನೆಹಾಳ ಎಂದೆಲ್ಲ ಬೈಯುತ್ತಿದ್ದ ಕಾಲಕ್ಕೆ ನಮ್ಮಪ್ಪ ಒಬ್ಬರನ್ನು ತೀರ ಕೆಳಗಿಳಿಸಬೇಕೆಂದರೆ ‘ಅವನು ಒಳಗೆ ಹೋದವನು’ ಎನ್ನುತ್ತಿದ್ದರು. ಅಷ್ಟೇ, ಅದರ ಮುಂದೆ ಮಾತಿಲ್ಲ. ಮುಷ್ಕರದ ದಿನಗಳಲ್ಲಿ ಬಟ್ಟೆ ಮಿಲ್ಲಿನ ಗೇಟು ದಾಟಿ ಕೆಲಸಕ್ಕೆ ಹೋದವರು ಒಳಗೆ ಹೋದವರು. ಗೇಟಿನ ಮುಂದೆ ಶಾಮಿಯಾನದ ಕೆಳಗೆ ಕೂತವರು ಹೊರಗೆ ಕೂತವರು. ಲೋಕದಲ್ಲಿರುವುದು ಈ ಎರಡೇ ಜಾತಿ ಎಂದು ನಾನು ಬಹಳ ವರ್ಷ ನಂಬಿದ್ದೆ. ಆ ಎರಡೂ ಜಾತಿ ಒಂದೇ ಮನೆಯಲ್ಲಿ, ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ್ದವು. ನಮ್ಮ ಗ್ರಹಚಾರ.

ಮನೆ ಇದ್ದದ್ದು ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ. ಮುಂದೆ ಕಪ್ಪು ಗಾರೆಯ ಜಗಲಿ, ಜಗಲಿಯ ಪಕ್ಕಕ್ಕೊಂದು ನಲ್ಲಿ, ಆಮೇಲೆ ನಡುಮನೆ, ಅದರ ಹಿಂದೆ ಹೊಗೆ ಹಿಡಿದ ಅಡುಗೆಮನೆ. ಅಡುಗೆಮನೆಯ ಆಚೆಗೆ ಒಂದು ಸಣ್ಣ ಕೋಣೆ. ಅದರಲ್ಲಿ ಅಪ್ಪನ ತಮ್ಮ, ನನ್ನ ಷಡಕ್ಷರಿ ಚಿಕ್ಕಪ್ಪ ಮತ್ತು ಚಿಕ್ಕಮ್ಮ. ಅಪ್ಪ ಅಮ್ಮ ನಾನು ಅಜ್ಜಿ ಎಲ್ಲ ನಡುಮನೆಯಲ್ಲೇ. ಮಿಲ್ಲಿನಿಂದ ಬಂದವರು ಯಾರೇ ಆಗಲಿ, ಜಗಲಿಯ ನಲ್ಲಿಯಲ್ಲಿ ಕಾಲು ತೊಳೆಯದೆ ಹೊಸ್ತಿಲು ದಾಟುವಂತಿಲ್ಲ, ಇದು ಅಜ್ಜಿಯ ಕಾನೂನು. ಅಪ್ಪ ಇದ್ದದ್ದು ಹತ್ತಿಯ ಮೂಟೆ ಬಿಚ್ಚಿ ಬಡಿಯುವ ವಿಭಾಗದಲ್ಲಿ. ಹುಬ್ಬು, ರೆಪ್ಪೆ, ಕಿವಿಯ ಕೂದಲು ಎಲ್ಲ ಹತ್ತಿಯ ಧೂಳು ಮೆತ್ತಿ ಬೆಳ್ಳಗಾಗಿ ಬರುತ್ತಿದ್ದರು. ಚಿಕ್ಕಪ್ಪ ಬಾಯ್ಲರ್ ಮನೆಯವನು, ಕಲ್ಲಿದ್ದಲು ಮೆತ್ತಿ ಕರ್ರಗೆ ಬರುತ್ತಿದ್ದ. ಅಜ್ಜಿ ಬಾಗಿಲಲ್ಲಿ ನಿಂತು ‘ಬಂದ್ರಪ್ಪ ನನ್ನ ಮಕ್ಳು, ಒಬ್ಬ ಭೂತ, ಇನ್ನೊಬ್ಬ ಪಿಶಾಚಿ’ ಎನ್ನುತ್ತಿದ್ದಳು. ನಲ್ಲಿ ತಿರುಗಿಸಿದರೆ ಅದು ಮೊದಲು ಗೊರಗೊರ ಕೆಮ್ಮಿ ಆಮೇಲೆ ನೀರು ಬಿಡುತ್ತಿತ್ತು. ಆ ಸದ್ದು ಕೇಳಿದೊಡನೆ ಅಮ್ಮ ಒಲೆಯ ಮೇಲೆ ಹೆಂಚಿಡುತ್ತಿದ್ದಳು.

ಆ ಹೊತ್ತಿಗೆ ಊಟ ಒಟ್ಟಿಗೆ. ಅಣ್ಣ ತಮ್ಮ ಎದುರುಬದುರು ಕೂತು, ಮುದ್ದೆ ಮುರಿಯುತ್ತ, ಒಬ್ಬರನ್ನೊಬ್ಬರು ಚುಚ್ಚುತ್ತ ಉಣ್ಣುವುದು. ಅಪ್ಪ ಯೂನಿಯನ್ನಿನ ಕಾರ್ಯದರ್ಶಿ. ಮಾತೆತ್ತಿದರೆ ಒಗ್ಗಟ್ಟು, ಹೋರಾಟ. ಚಿಕ್ಕಪ್ಪನಿಗೆ ಮಾತೆತ್ತಿದರೆ ಬಾಯ್ಲರ್ರು. ಅದಕ್ಕೆ ಮೈ ಸರಿಯಿಲ್ಲ, ಇವತ್ತು ಮುನಿಸಿಕೊಂಡಿದೆ, ಸ್ವಲ್ಪ ಉಸಿರು ಬಿಡಬೇಕು ಅಂತೆಲ್ಲ ಹೇಳುವವನು. ಚಿಕ್ಕಮ್ಮ ಒಮ್ಮೆ ಬಡಿಸುತ್ತ, ‘ನನ್ ಮೈ ಸರಿಯಿಲ್ದೇ ಇದ್ರೆ ಇಷ್ಟು ಕೇಳಲ್ಲ ನೋಡಕ್ಕ’ ಎಂದಿದ್ದಕ್ಕೆ ಮನೆಯೆಲ್ಲ ನಕ್ಕಿತ್ತು. ಅಪ್ಪನೂ ನಕ್ಕಿದ್ದರು. ಅಪ್ಪ ಬಾಯಿಬಿಟ್ಟು ನಕ್ಕದ್ದು ನನಗೆ ನೆನಪಿರುವುದು ಹೆಚ್ಚುಕಮ್ಮಿ ಅಷ್ಟೇ.

ನಮ್ಮ ಮನೆಗೆ ಗಡಿಯಾರವಿತ್ತು, ನೋಡುವವರಿರಲಿಲ್ಲ. ಮಿಲ್ಲು ಕೂಗುತ್ತಿತ್ತಲ್ಲ, ಅದೇ ಸಾಕು. ಬಾಯ್ಲರಿನ ಹಬೆಯಲ್ಲಿ ಕೂಗುವ ಸೀಟಿ ಅದು. ಬೆಳಿಗ್ಗೆ ಒಂದು ಸಲ ಕೂಗಿದರೆ ಗುಟ್ಟಹಳ್ಳಿಗೂ ಗವಿಪುರಕ್ಕೂ ಕೇಳುತ್ತಿತ್ತು ಎಂದು ಚಿಕ್ಕಪ್ಪ ಜಂಬ ಕೊಚ್ಚುತ್ತಿದ್ದ. ಕೂಗಿಸುವುದು ಅವನ ಪಾಳಿಯಲ್ಲಿ ಅವನ ಕೈಯೇ. ಮೊದಲ ಕೂಗಿಗೆ ಅಜ್ಜಿ ಲಿಂಗಪೂಜೆ ಮುಗಿಸಿ ವಿಭೂತಿ ಒರೆಸಿದ ಕೈ ತೊಳೆಯಬೇಕು, ಅಮ್ಮ ಡಬ್ಬಿ ಮುಚ್ಚಬೇಕು, ಅಪ್ಪ ಮೊಳೆಗೆ ನೇತುಹಾಕಿದ ಖಾಕಿ ಅಂಗಿಗೆ ಕೈ ಹಾಕಬೇಕು. ಯೋಚನೆಯೇ ಬೇಡ. ಮೈಗೆ ಗೊತ್ತಿತ್ತು.

ಆಮೇಲೆ ಮುಷ್ಕರ ಬಂತು. ಒಂದು ಪಾಳಿ ಮುಚ್ಚುತ್ತೇವೆ, ಅಷ್ಟು ಜನ ಮನೆಗೆ ಹೋಗಿ ಎಂದಿತು ಕಂಪನಿ. ಯೂನಿಯನ್ನು ಆಗುವುದಿಲ್ಲ ಎಂದಿತು. ಮಿಲ್ಲು ಕೂಗುವುದು ನಿಂತಿತು. ಮೊದಮೊದಲು ನಮಗದು ಹಬ್ಬ. ಜಗಲಿಯ ತುಂಬ ಜನ. ಅಪ್ಪನ ಜೊತೆಗಾರರಾದ ಅನ್ವರ್ ಸಾಬರು ಚಕ್ಕಳಮಕ್ಕಳ ಹಾಕಿ ಕೂತು ಬಟ್ಟೆಯ ಮೇಲೆ ಘೋಷಣೆ ಬರೆಯುವರು. ಬಂದವರನ್ನೆಲ್ಲ ಅಪ್ಪ ‘ಬನ್ನಿ ಕಾಮ್ರೇಡ್, ಒಳಗೆ ಬನ್ನಿ’ ಎಂದು ಕರೆಯುವರು. ಅಜ್ಜಿಗೆ ಅದೊಂದು ಹೆಸರು ಅಂತಲೇ ತಿಳುವಳಿಕೆ. ಬೀದಿಯಿಂದ ಯಾರಾದರೂ ಕೂಗಿದರೆ, ‘ನೋಡೋ, ಕಾಮ್ರೇಡಪ್ಪ ಬಂದವ್ನೆ’ ಎನ್ನುತ್ತಿದ್ದಳು. ಎಷ್ಟು ಜನರಿಗೆ ಒಂದೇ ಹೆಸರು ಎಂದು ಒಂದು ದಿನವೂ ಅವಳಿಗೆ ಅನುಮಾನ ಬರಲಿಲ್ಲ.

ಅಜ್ಜಿಗೆ ಮುಷ್ಟಿ ಅಕ್ಕಿಯ ವ್ರತವಿತ್ತು. ದಿನಾ ಅನ್ನಕ್ಕೆ ಅಕ್ಕಿ ಅಳೆಯುವಾಗ ಒಂದು ಹಿಡಿ ತೆಗೆದು ಬೇರೆ ಮಡಕೆಗೆ ಹಾಕುವುದು, ತುಂಬಿದ ಮೇಲೆ ಮಠಕ್ಕೆ ಕೊಡುವುದು. ಗೇಟಿನ ಹತ್ತಿರ ಗಂಜಿ ಕಾಯಿಸುತ್ತಿದ್ದಾರೆ, ಅಕ್ಕಿ ಸಾಲದು ಎಂದು ಅನ್ವರ್ ಸಾಬರು ಅಪ್ಪನಿಗೆ ಹೇಳುತ್ತಿದ್ದುದು ಅವಳ ಕಿವಿಗೆ ಬಿತ್ತು. ಎದ್ದು ಹೋಗಿ ಮಡಕೆಯನ್ನೇ ತಂದು ಅವರ ಮುಂದಿಟ್ಟಳು.

‘ಅಜ್ಜೀ, ಇದು ಮಠದ್ದಲ್ವಾ?’ ಎಂದು ಅವರು ಹಿಂಜರಿದರು.

‘ಮಠದಲ್ಲೇನು ಒಲೆ ಆರಿದ್ಯಾ? ತಗೊಂಡೋಗಪ್ಪ. ಶಿವ ಏನಾದ್ರೂ ಕೇಳಿದ್ರೆ ನನ್ ಹೆಸರು ಹೇಳು.’

ಅಜ್ಜಿ ಅಷ್ಟಕ್ಕೆ ಸುಮ್ಮನಾಗಲಿಲ್ಲ. ನನ್ನನ್ನು ಕರೆದುಕೊಂಡು ಬೀದಿಯ ಮನೆಮನೆಗೂ ಹೋಗಿ ‘ದಿನಾ ಒಂದು ಹಿಡಿ ಎತ್ತಿಡ್ರಮ್ಮ, ಮಿಲ್ಲಿನ ಮಕ್ಳಿಗೆ’ ಎಂದು ಹೇಳಿಬಂದಳು. ಊದುಬತ್ತಿ ಹೊಸೆಯುವ ಹೆಂಗಸರು ಕೊಟ್ಟರು, ಟೈಲರ್ ಅಂಗಡಿಯವರು ಕೊಟ್ಟರು, ಮಸೀದಿಯ ಪಕ್ಕದ ಮನೆಗಳವರು ಕೊಟ್ಟರು. ಕಲಾಸಿಪಾಳ್ಯದ ಹಮಾಲಿಗಳು ಸಂಜೆ ಮಿಕ್ಕ ಕುಂಬಳಕಾಯಿ, ಬದನೆಕಾಯಿ ಮೂಟೆ ಕಟ್ಟಿ ಕೈಗಾಡಿಯಲ್ಲಿ ಕಳಿಸುತ್ತಿದ್ದರು. ಯೂನಿಯನ್ ಎಂದರೆ ನನಗೆ ಇವತ್ತಿಗೂ ಮೊದಲು ನೆನಪಾಗುವುದು ಧ್ವಜವಲ್ಲ, ಒಂದೊಂದು ಮನೆಯ ಒಂದೊಂದು ಬಗೆಯ ಅಕ್ಕಿ ಬೆರೆತು ಅರ್ಧ ಬೆಂದು ಅರ್ಧ ಬೇಯದ ಆ ಗಂಜಿ. ಚೆನ್ನಾಗಿರಲಿಲ್ಲ. ಆದರೂ ತಿಂದೆ.

ಒಂದು ದಿನ ಶಾಲೆಯಲ್ಲಿ ಮಿಸ್ಸು ‘ನಿಮ್ಮಪ್ಪ ಯಾಕೆ ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕೋಕೆ ಬರ್ಲಿಲ್ಲ?’ ಎಂದು ಕೇಳಿದರು. ನಾನು ಎದ್ದು ನಿಂತು ದೊಡ್ಡ ಗಂಟಲಲ್ಲಿ, ‘ಅಪ್ಪ ಹೊರಗೆ ಕೂತಿದಾರೆ ಮಿಸ್’ ಎಂದೆ. ತರಗತಿಯೇ ಬಿದ್ದು ಬಿದ್ದು ನಕ್ಕಿತು. ಉಳಿದವರ ಮನೆಗಳಲ್ಲಿ ತಿಂಗಳಿಗೊಮ್ಮೆ ಹೊರಗೆ ಕೂರುವವರು ಅಮ್ಮಂದಿರು, ಅಕ್ಕಂದಿರು. ಮಿಸ್ಸೂ ಸೆರಗು ಬಾಯಿಗಿಟ್ಟುಕೊಂಡರು. ಅಳುತ್ತ ಮನೆಗೆ ಬಂದು ಹೇಳಿದರೆ ಅಜ್ಜಿ ಇನ್ನೂ ಜಾಸ್ತಿ ನಕ್ಕಳು. ‘ಅಯ್ಯೋ ಶಿವನೇ, ಲಿಂಗ ಕಟ್ಟಿದ ನಮ್ ಪೈಕಿ ಹೆಂಗಸ್ರೇ ಹೊರಗೆ ಕೂರಲ್ಲ, ನನ್ ಮಗ ಕೂತ್ಕೊಂಡ್ನಲ್ಲೇ!’ ಅಪ್ಪನಿಗೆ ಹೇಳಿದಳು, ಅಪ್ಪ ಶಾಮಿಯಾನದಲ್ಲಿ ಹೇಳಿದರು. ಅಂದಿನಿಂದ ಗೇಟಿನ ಮುಂದಿನ ಗಂಡಸರೆಲ್ಲ ನನ್ನನ್ನು ಕಂಡರೆ ‘ಬಾಮ್ಮಾ ಮಂಗಳಾ, ನಾವಿನ್ನೂ ಹೊರಗೇ ಇದೀವಿ’ ಎನ್ನುತ್ತಿದ್ದರು.

ನಗು ಬೇಗ ಖಾಲಿಯಾಯಿತು. ಬೀದಿಯ ಹಿಡಿ ಸಣ್ಣದಾಗುತ್ತ ಬಂತು. ಪಾಪ, ಅವರದೂ ಹೊಟ್ಟೆಯೇ. ಅಮ್ಮನ ಕಿವಿಯಲ್ಲಿ ಓಲೆಯ ಬದಲು ಕಡ್ಡಿ ಬಂತು. ಚಿಕ್ಕಪ್ಪ ಮಾತ್ರ ಬೇರೆಯೇ ಚಿಂತೆಯಲ್ಲಿ ಒಣಗುತ್ತಿದ್ದ. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅದು ಹೊರಬಿತ್ತು.

‘ಅಣ್ಣ, ನೀರು ನಿಂತ್ಬಿಟ್ಟಿದೆ ಬಾಯ್ಲರಲ್ಲಿ. ಟ್ಯೂಬೆಲ್ಲ ತುಕ್ಕು ಹಿಡಿಯುತ್ತೆ. ಒಂದ್ಸಲ ಹೋಗಿ, ಬಿಸಿ ಮಾಡಿ, ನೀರು ಖಾಲಿ ಮಾಡ್ಬಂದ್ಬಿಡ್ತೀನಿ. ಕೆಲಸ ಅಲ್ಲ ಅದು.’

‘ಗೇಟ್ ದಾಟಿದ್ರೆ ಕೆಲಸಾನೇ.’

‘ನಾಳೆ ನಾವು ಗೆದ್ವಿ ಅಂತಿಟ್ಕೋ. ಏನ್ ಓಡಿಸ್ತೀರ? ತುಕ್ಕನ್ನಾ?’

‘ಅದು ಯಾರ ಬಾಯ್ಲರೋ? ನಿಮ್ಮಪ್ಪಂದಾ?’

‘ನಿಮ್ಮಪ್ಪ ಅಂದ್ರೆ ನಿನಗ್ಯಾರೋ?’ ಎಂದು ಅಜ್ಜಿ ನಡುವೆ ಬಾಯಿ ಹಾಕಿದಳು. ಯಾರೂ ನಗಲಿಲ್ಲ.

‘ಎಲ್ಲರೂ ಅಂದ್ರೆ ಎಲ್ಲರೂ ಷಡಕ್ಷರಿ’ ಎಂದರು ಅಪ್ಪ. ‘ನನ್ನ ತಮ್ಮಂಗೊಂದು ನ್ಯಾಯ, ಅನ್ವರ್ ಸಾಬರಿಗೊಂದು ನ್ಯಾಯ ಮಾಡೋಕೆ ನನ್ ಕೈಲಾಗಲ್ಲ.’

ಚಿಕ್ಕಪ್ಪ ತಟ್ಟೆಯಲ್ಲೇ ಕೈ ತೊಳೆದು ಎದ್ದ. ಎರಡು ಮೂರು ದಿನ ಮಾತಿಲ್ಲದೆ ಓಡಾಡಿದ. ಒಂದು ಸಂಜೆ, ಚಿಕ್ಕಮ್ಮನ ತವರಿಗೆ ಹೋಗಿ ನಾಳೆ ಬರುತ್ತೇನೆಂದು ಹೇಳಿ ಹೊರಟ. ಚಿಕ್ಕಮ್ಮ ತಲೆ ಬಗ್ಗಿಸಿಕೊಂಡು ಅಕ್ಕಿ ಆರಿಸುತ್ತಿದ್ದಳು. ಯಾಕೆ ನೀನು ಹೋಗಲ್ವಾ ಎಂದು ಯಾರೂ ಅವಳನ್ನು ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಮಿಲ್ಲು ಕೂಗಿತು.

ಆ ಕ್ಷಣ ನಡುಮನೆಯಲ್ಲಿ ಏನಾಯಿತೆಂದು ಹೇಳುತ್ತೇನೆ. ಅಜ್ಜಿ ಅಂಗೈಯ ಲಿಂಗವನ್ನು ಕರಡಿಗೆಗೆ ಸೇರಿಸಿ ಕೈ ತೊಳೆಯಲು ಎದ್ದಳು. ಅಮ್ಮ ಒಲೆಯ ಬಳಿಯಿಂದ ‘ಡಬ್ಬಿ ರೆಡಿ ಇಲ್ವಲ್ರೀ’ ಎಂದು ಕೂಗಿದಳು. ಅಪ್ಪ ಎದ್ದು ನಿಂತು, ಮೊಳೆಯಿಂದ ಖಾಕಿ ಅಂಗಿ ತೆಗೆದು, ಒಂದು ತೋಳು ಹಾಕಿಯೂ ಬಿಟ್ಟಿದ್ದರು. ಮುಷ್ಕರದ ಕಾರ್ಯದರ್ಶಿ! ಆಮೇಲೆ ಹಾಗೇ ನಿಂತುಬಿಟ್ಟರು. ಒಂದು ತೋಳು ಅಂಗಿಯೊಳಗೆ, ಇನ್ನೊಂದು ಹೊರಗೆ. ಅಡುಗೆಮನೆಯ ಆಚೆಯ ಕೋಣೆಯಿಂದ ಚಿಕ್ಕಮ್ಮ ಅಳುವ ಸದ್ದು ಬಂತು. ಕೂಗಬೇಕಾದರೆ ಹಬೆ ಬೇಕು, ಹಬೆ ಬೇಕಾದರೆ ರಾತ್ರಿಯಿಡೀ ಕಲ್ಲಿದ್ದಲು ಹಾಕುವ ಕೈ ಬೇಕು. ಆ ಕೈ ಯಾರದೆಂದು ಬೀದಿಗೆಲ್ಲ ಗೊತ್ತಿತ್ತು.

ಅಪ್ಪ ಅಂಗಿ ಅಲ್ಲೇ ಬಿಸಾಡಿ ಬರಿಗಾಲಲ್ಲಿ ಓಡಿದರು. ಆದರೆ ಕೂಗು ಅವರಿಗಿಂತ ಮೊದಲು ಹೋಗಿ ಎಲ್ಲರ ಮನೆ ಮುಟ್ಟಿತ್ತು. ಮಿಲ್ಲು ಕೂಗಿದೆ ಎಂದರೆ ರಾಜಿ ಆಗಿದೆ ಎಂದೇ ಜನ ತಿಳಿದರು. ಹಬ್ಬದ ಮುಖ ಮಾಡಿಕೊಂಡು, ತಲೆ ಬಾಚಿಕೊಂಡು, ಖಾಲಿ ಡಬ್ಬಿಯನ್ನೇ ಹಿಡಿದುಕೊಂಡು ಬಂದರಂತೆ. ಶಾಮಿಯಾನದವರು ‘ಇಲ್ಲ, ಇಲ್ಲ, ರಾಜಿಯಾಗಿಲ್ಲ’ ಎಂದು ಬಾಯಿ ಬಡಿದುಕೊಳ್ಳುವಷ್ಟರಲ್ಲಿ ಗೇಟು ತೆರೆದಿತ್ತು, ಅರ್ಧ ಜನ ದಾಟಿಯಾಗಿತ್ತು. ಒಮ್ಮೆ ಒಳಗೆ ಕಾಲಿಟ್ಟ ಮೇಲೆ ತಿರುಗಿ ಬರಲು ಎಲ್ಲರಿಗೂ ಧೈರ್ಯ ಸಾಲಲಿಲ್ಲ. ಮುಷ್ಕರ ಸತ್ತದ್ದು ಹೀಗೆ. ಲಾಠಿಯಿಂದಲ್ಲ, ಹಸಿವಿನಿಂದಲೂ ಅಲ್ಲ, ಅಭ್ಯಾಸಬಲದಿಂದ. ಅಪ್ಪ, ಅನ್ವರ್ ಸಾಬರು, ಇನ್ನೂ ಎಷ್ಟೋ ಜನಕ್ಕೆ ಆ ಗೇಟು ಮತ್ತೆ ತೆರೆಯಲೇ ಇಲ್ಲ.

ಚಿಕ್ಕಪ್ಪ ಸಂಜೆ ಬಂದ. ಕರ್ರಗಿದ್ದ. ನಲ್ಲಿ ತಿರುಗಿಸಲು ಬಗ್ಗಿದವನು ಬಾಗಿಲಲ್ಲಿ ಅಪ್ಪನನ್ನು ಕಂಡು ನೆಟ್ಟಗಾದ.

‘ಅಣ್ಣ, ನಾನು ಕೂಗಿಸ್ಲಿಲ್ಲ. ಲಿಂಗದಾಣೆ. ನಾನು ನೀರು ನೋಡೋಕೆ ಕೆಳಗಿಳಿದಿದ್ದೆ, ಮ್ಯಾನೇಜರು ಬಂದು ಸೀಟಿ ಸರಪಣಿ ಎಳೆದ್ಬಿಟ್ಟ.’

ಅಪ್ಪ ಅಜ್ಜಿಯ ಕಡೆ ತಿರುಗಿದರು.

‘ನಂಬಣ್ಣ.’

‘ಅವ್ನು ಒಳಗೆ ಹೋದೋನು’ ಎಂದು ಅಪ್ಪ ಅಜ್ಜಿಗೆ ಹೇಳಿದರು, ಎದುರಿಗೇ ನಿಂತಿದ್ದ ತಮ್ಮನನ್ನು ಬಿಟ್ಟು. ‘ಈ ಮನೆ ಒಳಗೆ ಬರೋದು ಬೇಡ.’

ಚಿಕ್ಕಪ್ಪ ಹಿತ್ತಲಿಂದ ಸುತ್ತಿಕೊಂಡು ತನ್ನ ಕೋಣೆಗೆ ಹೋದ. ಅಂದಿನಿಂದ ಒಲೆ ಎರಡಾಯಿತು. ಚಿಕ್ಕಮ್ಮ ಕೋಣೆಯಲ್ಲೇ ಸೀಮೆಎಣ್ಣೆ ಸ್ಟವ್ ಹಚ್ಚಿದಳು. ಅಮ್ಮ ಅವಳ ಜೊತೆ ಮಾತು ಬಿಡಲಾರದೆ, ಆಡಲಾರದೆ, ಗೋಡೆಗೆ ಹೇಳಿದಂತೆ ‘ಉಪ್ಪು ಇಲ್ಲಿಟ್ಟಿದೀನಿ’ ಎನ್ನುತ್ತಿದ್ದಳು. ಅಜ್ಜಿ ತನ್ನ ತಟ್ಟೆ ತೆಗೆದುಕೊಂಡು ಹೋಗಿ ಅಡುಗೆಮನೆಗೂ ಆ ಕೋಣೆಗೂ ನಡುವಿನ ಹೊಸ್ತಿಲ ಮೇಲೆ ಕೂತಳು. ಹೊಸ್ತಿಲ ಮೇಲೆ ಕೂತರೆ ದರಿದ್ರ ಎಂದು ನನ್ನನ್ನು ಎಷ್ಟು ಸಲ ಗದರಿದ್ದಳೋ. ಈಗ ತಾನೇ ದಿನಾ ಅಲ್ಲಿ ಕೂತು, ಇತ್ತಲಿಂದ ಸಾರು, ಅತ್ತಲಿಂದ ಮುದ್ದೆ ಹಾಕಿಸಿಕೊಂಡು, ಎರಡನ್ನೂ ಅರ್ಧಕ್ಕೆ ಬಿಟ್ಟು ಏಳುತ್ತಿದ್ದಳು. ಕೊನೆಗೆ ಚಿಕ್ಕಪ್ಪನೇ ಗವಿಪುರದಲ್ಲಿ ಬಾಡಿಗೆ ಮನೆ ಹಿಡಿದ. ಸಾಮಾನು ಗಾಡಿಗೇರಿಸುವಾಗ ನನ್ನ ತಲೆ ಸವರಿ ‘ನಾನು ಕೂಗಿಸ್ಲಿಲ್ಲ ಕಣಮ್ಮ’ ಎಂದ. ನಾನು ಆಯ್ತು ಚಿಕ್ಕಪ್ಪ ಎಂದೆ. ಇನ್ನೇನು ಹೇಳಲಿ, ಗೊಂಬೆಯಷ್ಟಿದ್ದೆ.

ಆಮೇಲೆ ಅಪ್ಪ ಎಲ್ಲರ ಯೂನಿಯನ್ನೂ ಕಟ್ಟಿದರು. ಹೋಟೆಲ್ ಸಪ್ಲೈಯರ್‌ಗಳು, ಊದುಬತ್ತಿಯ ಹೆಂಗಸರು, ಕಲಾಸಿಪಾಳ್ಯದ ಹಮಾಲಿಗಳು, ಪ್ರೆಸ್ಸಿನವರು, ಎಲ್ಲರೂ ನಮ್ಮ ಜಗಲಿಗೆ. ಅಪ್ಪನ ಸಂಪಾದನೆ ಏನೂ ಇಲ್ಲ. ಮನೆ ನಡೆದದ್ದು ಅಮ್ಮ ಹೊಸೆದ ಊದುಬತ್ತಿಯಿಂದ. ಅಮ್ಮ ಸತ್ತ ಮೇಲೂ ಆ ವಾಸನೆ ಗೋಡೆಯಿಂದ ಹೋಗಿಲ್ಲ. ಯಾರು ಬಂದರೂ ಅಪ್ಪ ‘ಒಳಗೆ ಬನ್ನಿ, ಒಳಗೆ ಬನ್ನಿ’ ಎನ್ನುತ್ತಿದ್ದರು. ಊರಿಗೆಲ್ಲ ಹೇಳಿದ ಆ ಮಾತನ್ನು ಯುಗಾದಿಗೆ ಅಜ್ಜಿಯನ್ನು ನೋಡಲು ಬರುತ್ತಿದ್ದ ತಮ್ಮನಿಗೆ ಮಾತ್ರ ಹೇಳಲಿಲ್ಲ. ಚಿಕ್ಕಪ್ಪ ಜಗಲಿಯಲ್ಲೇ ನಿಲ್ಲುವನು. ಅಜ್ಜಿ ಹೊರಗೆ ಬಂದು ಬೇವು ಬೆಲ್ಲ ಕೊಡುವಳು. ನನಗೆ ಅಪ್ಪನ ಮೇಲೆ ಎಷ್ಟು ಹೆಮ್ಮೆಯೋ ಅಷ್ಟೇ ಸಿಟ್ಟು ಬರುತ್ತಿತ್ತು, ಈಗಲೂ ಬರುತ್ತದೆ. ಅಜ್ಜಿ ತೀರಿಹೋದಾಗ ಅವಳನ್ನು ಜಗಲಿಯ ಮೇಲೆ ಕೂರಿಸಿ, ವಿಭೂತಿ ಬಳಿದು, ಹೂವು ಹಾಕಿದ್ದರು. ಇಬ್ಬರು ಮಕ್ಕಳೂ ಹೆಗಲು ಕೊಟ್ಟರು. ಮಣ್ಣು ಮುಗಿಸಿ ಬಂದು ಅಪ್ಪ ಕಾಲು ತೊಳೆದು ಒಳಗೆ ಹೋದರು, ಚಿಕ್ಕಪ್ಪ ಬೀದಿಯಲ್ಲೇ ತಿರುಗಿ ನಡೆದ.

ಮಿಲ್ಲು ಹೇಗೂ ಮುಚ್ಚಿತು. ಅಲ್ಲೀಗ ಅಪಾರ್ಟ್‌ಮೆಂಟು ಎದ್ದಿದೆ, ಗೇಟಿನಲ್ಲಿ ಸೆಕ್ಯುರಿಟಿಯವನು ನನ್ನನ್ನು ಒಳಗೆ ಬಿಡಲಿಲ್ಲ. ನಾನು ಗಾರ್ಮೆಂಟ್ ಹೆಣ್ಣುಮಕ್ಕಳ ಯೂನಿಯನ್ನಿನಲ್ಲಿ ತಲೆ ನರೆಸಿಕೊಂಡೆ. ಒಮ್ಮೆ ಕೆಲಸ ನಿಲ್ಲಿಸಿ ರಸ್ತೆಯಲ್ಲಿ ಕೂತಿದ್ದಾಗ, ಒಬ್ಬ ಹುಡುಗಿ ತಲೆ ತಗ್ಗಿಸಿ ಫ್ಯಾಕ್ಟರಿಯೊಳಗೆ ಹೋದಳು. ಉಳಿದವರು ಉಗಿಯಲು ಹೊರಟರು. ‘ಉಗೀಬೇಡ್ರೇ, ಸಂಜೆ ಅವಳ ಮನೆಗೆ ಹೋಗೋಣ’ ಎಂದೆ. ನನ್ನ ಮೇಲೇ ರೇಗಿದರು. ಹೋದೆವು, ಮಾತಾಡಿದೆವು, ಮರುದಿನವೂ ಅವಳು ಒಳಗೇ ಹೋದಳು. ಆದರೂ ಅವಳ ಮನೆಯಲ್ಲಿ ಕಾಫಿ ಕುಡಿದು ಬಂದೆನಲ್ಲ, ಅದರ ಸಮಾಧಾನ ನನಗಿದೆ.

ಅಜ್ಜಿಯ ಇಬ್ಬರು ಮಕ್ಕಳಲ್ಲಿ ಮಿಲ್ಲು ಒಬ್ಬನ ಉಸಿರು ತಿಂದಿತು, ಇನ್ನೊಬ್ಬನ ಕಿವಿ. ಹತ್ತಿಯ ಧೂಳು ಅಪ್ಪನ ಎದೆಯಲ್ಲಿ ಕೂತು, ಮೈಕಿಲ್ಲದೆ ಮೈದಾನಕ್ಕೆ ಕೇಳುತ್ತಿದ್ದ ದನಿ ಕೊನೆಗೆ ಬರೀ ಗಾಳಿಯಾಯಿತು. ಬಾಯ್ಲರಿನ ಪಕ್ಕದಲ್ಲಿ ಆಯಸ್ಸು ಕಳೆದ ಚಿಕ್ಕಪ್ಪನಿಗೆ ಕಿವಿಯ ಹತ್ತಿರ ಕೂಗಿದರೂ ಅರ್ಧ ಕೇಳುತ್ತಿರಲಿಲ್ಲ. ಅಪ್ಪ ನಡುಮನೆಯ ಮಂಚ ಹಿಡಿದ ಸುದ್ದಿ ತಿಳಿದು ಒಂದು ಮಧ್ಯಾಹ್ನ ಅವನು ಬಂದ. ಕೋಲೂರಿಕೊಂಡು ಬಾಗಿಲ ಆಚೆ, ಜಗಲಿಯ ಮೇಲೆ, ತನ್ನ ಎಂದಿನ ಜಾಗದಲ್ಲಿ ನಿಂತ. ನಾನು ಅಪ್ಪನ ತಲೆದೆಸೆಯಲ್ಲಿದ್ದೆ. ಅಪ್ಪ ತಲೆ ಹೊರಳಿಸಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ತುಟಿ ಅಲುಗಿತು.

‘ಒಳಗೆ ಬಾರೋ’ ಎಂದರು.

ನನಗೆ ಕೇಳಿತು. ಪಕ್ಕದಲ್ಲೇ ಕೂತಿದ್ದ ನನಗೇ ಬಗ್ಗಿದ್ದರಿಂದ ಕೇಳಿತು. ಚಿಕ್ಕಪ್ಪ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದು, ಕೈಯೆತ್ತಿ ಮುಗಿದು, ‘ಬರ್ತೀನಣ್ಣ’ ಎಂದು ಕಿವುಡರ ದೊಡ್ಡ ದನಿಯಲ್ಲಿ ಹೇಳಿ ಮೆಟ್ಟಿಲಿಳಿದ.

ನಾನು ಓಡಿ ಹೋಗಿ ಬೀದಿಯಲ್ಲಿ ಅವನ ತೋಳು ಹಿಡಿದೆ. ಆಟೋಗಳ ಗದ್ದಲದಲ್ಲಿ ಕಿವಿಗೆ ಬಾಯಿಟ್ಟು ಕೂಗಿದೆ.

‘ಚಿಕ್ಕಪ್ಪಾ, ಅಪ್ಪ ಒಳಗೆ ಬಾ ಅಂದ್ರು!’

‘ಆಂ?’

‘ಒಳಗೆ ಬಾ ಅಂದ್ರು! ನಾನೇ ಕೇಳಿಸ್ಕೊಂಡೆ!’

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ, ಅಂದು ಸಾಮಾನು ಗಾಡಿಗೇರಿಸುವಾಗ ಸವರಿದ ಹಾಗೆಯೇ ನನ್ನ ನರೆತ ತಲೆ ಸವರಿದ.

‘ನೀನು ಒಳ್ಳೆಯವಳು ಕಣಮ್ಮ. ನನ್ ಸಮಾಧಾನಕ್ಕೆ ಹೇಳ್ತಿದೀಯ. ಅವನ ತುಟಿ ಅಲುಗಿದ್ದು ನೋಡ್ದೆ. ಅವನು ಏನಂದಿರ್ತಾನೆ ಅಂತ ನನಗ್ಗೊತ್ತಿಲ್ವಾ.’

‘ಆಣೆ ಚಿಕ್ಕಪ್ಪ. ನಂಬು.’

‘ಆಣೆ ನಾನೂ ಇಟ್ಟಿದ್ದೆ’ ಎಂದು ಹೇಳಿ, ತೋಳು ಬಿಡಿಸಿಕೊಂಡು, ಬಸ್ ಸ್ಟಾಪಿನ ಕಡೆ ನಡೆದ. ಎಳೆದು ತರಬಹುದಿತ್ತೇನೋ. ಆ ಮನುಷ್ಯನ ಬೆನ್ನು ನೋಡಿ ನನ್ನ ಕೈ ಏಳಲಿಲ್ಲ.

ಮನೆಗೆ ಬಂದೆ. ಅಪ್ಪ ಬಾಗಿಲನ್ನೇ ನೋಡುತ್ತಿದ್ದರು.

‘ಬಂದ್ನಾ?’ ಎಂದು ಕೇಳಿದರು.

‘ಬಂದ ಅಪ್ಪ’ ಎಂದೆ. ‘ಕಾಲು ತೊಳೀತಿದಾನೆ.’

ಅಪ್ಪ ಕಣ್ಣು ಮುಚ್ಚಿಕೊಂಡರು. ನಾನು ಜಗಲಿಗೆ ಹೋಗಿ ನಲ್ಲಿ ತಿರುಗಿಸಿದೆ. ಅದು ಗೊರಗೊರ ಕೆಮ್ಮಿ, ಆಮೇಲೆ ನೀರು ಬಿಟ್ಟಿತು.